ಮುಳುಗದ ಹಲ್ಲು

ಬೆಳಿಗ್ಗೆ ಹತ್ತೂಕಾಲಿಗೆ ಹಲ್ಲಿನ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. ಕಳೆದುಹೋಯಿತು ಎಂದುಕೊಂಡಿದ್ದ ಹಾಲುಹಲ್ಲು ಹುಡುಗಿಯ ಒಸಡಿನೊಳಗೇ ಇತ್ತು.

ಹುಡುಗಿಗೆ ಹತ್ತು ವರ್ಷ. ಮಾತಿಗೊಂದು ‘ಯಾಕೆ’ ಸೇರಿಸುತ್ತಿದ್ದುದರಿಂದ ಸೋದರಮಾವ ಅವಳನ್ನು ‘ಯಾಕಮ್ಮ’ ಎಂದೇ ಕರೆಯುತ್ತಿದ್ದ. ದವಡೆಯ ಹಲ್ಲೊಂದು ಕಾಣದಾದಾಗ, ಊಟದ ಜೊತೆ ನುಂಗಿಬಿಟ್ಟಿದ್ದಾಳೆ ಎಂದು ತೀರ್ಪು ಕೊಟ್ಟವನೂ ಅವನೇ. ಈಗ ಕುತ್ತಿಗೆ ಚಾಚಿ ಫಿಲ್ಮ್ ನೋಡಿದ.

‘ನುಂಗಿದ್ದು ಇವಳಲ್ಲ, ಇವಳ ಒಸಡು!’

‘ಬೇರು ಮೂಳೆಗೆ ಅಂಟ್ಕೊಂಡಿದೆ’ ಎಂದರು ಡಾಕ್ಟರು. ‘ಕೆಳಗೆ ಹೊಸ ಹಲ್ಲು ಕಾಯ್ತಾ ಇದೆ, ನೋಡಿ. ಇದು ದಾರಿ ಬಿಡದಿದ್ರೆ ಅದು ಬರೋದು ಹೇಗೆ? ತೆಗೀಬೇಕು.’

‘ನೋವಿಲ್ವಲ್ಲ ಡಾಕ್ಟ್ರೇ’ ಎಂದಳು ಅಮ್ಮ. ‘ಸ್ವಲ್ಪ ದಿನ ನೋಡಿದ್ರಾಗಲ್ವಾ?’

‘ನೋಡ್ತಾ ಕೂತ್ರೆ ಪಕ್ಕದ ಹಲ್ಲು ವಾಲಿ ಜಾಗಾನೇ ಮುಚ್ಚುತ್ತೆ.’

ಹುಡುಗಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು. ಸೂಜಿ ಎಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಆದರೂ ಪ್ರಶ್ನೆ ನಾಲಿಗೆಯ ಮೇಲೆ ನಿಲ್ಲಲಿಲ್ಲ.

‘ಅದು ಯಾಕೆ ಮುಳುಗ್ತು?’

‘ಶುರುವಾಯ್ತು ಯಾಕಮ್ಮನ ಪುರಾಣ’ ಎಂದ ಮಾವ.

‘ಮುಳುಗಲಿಲ್ಲ ಮರಿ’ ಎಂದರು ಡಾಕ್ಟರು. ‘ಅದು ಇದ್ದಲ್ಲೇ ಇದೆ. ದವಡೆ ಬೆಳೀತು, ಅಕ್ಕಪಕ್ಕದ ಹಲ್ಲು ಮೇಲೆದ್ವು. ಇದಕ್ಕೆ ಏಳೋಕಾಗ್ಲಿಲ್ಲ, ಅಷ್ಟೇ.’

ಹುಡುಗಿ ಕಣ್ಣು ಕಿರಿದು ಮಾಡಿ ಯೋಚಿಸಿದಳು. ಅಮ್ಮನ ಹೊಲಿಗೆ ಅಂಗಡಿಗೆ ಮೊದಲು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬಿದ್ದೂ ಬಿದ್ದೂ ಈಗ ಇಳಿದು ಹೋಗಬೇಕು. ಬಟ್ಟೆ ಕೊಡಲು ಬಂದವರೆಲ್ಲ ‘ಅಂಗಡಿ ಕುಸಿದಿದೆಯಲ್ಲಮ್ಮ’ ಎನ್ನುತ್ತಿದ್ದರು.

‘ಅಮ್ಮಾ, ನಮ್ಮ ಅಂಗಡಿ ಥರಾನೇ! ಅಂಗಡಿ ಇಳಿದಿಲ್ಲ, ರಸ್ತೆ ಏರಿದ್ದು!’

ಮಾವ ನಗತೊಡಗಿದ. ಅಮ್ಮ ನಗಲಿಲ್ಲ. ಹೊರಗೆ ತೆರೆಯುವ ಆ ಅಂಗಡಿಯ ಬಾಗಿಲು ಈಗ ರಸ್ತೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು.

‘ಬಾಗಿಲು ಸಿಕ್ಕಿಹಾಕ್ಕೊಳ್ಳೋವರೆಗೂ ಹೀಗೇ ನೋಡೋಣ, ನೋಡೋಣ ಅಂತಿದ್ದೆ’ ಎಂದಳು. ‘ತೆಗೀರಿ ಡಾಕ್ಟ್ರೇ.’

‘ತೆಗೆದ್ಮೇಲೆ ನನಗೆ ತೋರಿಸ್ತೀರಾ?’ ಎಂದು ಹುಡುಗಿ ಕೇಳಿದಳು.

‘ನಿನ್ನ ಹಲ್ಲು ನಿನಗಲ್ದೆ ನಿನ್ನ ಮಾವನಿಗೆ ತೋರಿಸ್ಲಾ?’

ಹುಡುಗಿ ಕುರ್ಚಿಯ ಕೈ ಬಿಡದೆಯೇ ಬಾಯಿ ತೆರೆದಳು. ಸೂಜಿ ಚುಚ್ಚಿದಾಗ ಬೀದಿಗೆ ಕೇಳುವಂತೆ ಕಿರುಚಿದಳು. ಹಲ್ಲು ಎರಡು ತುಂಡಾಗಿ ಬಂತು. ಗಾಯ ಮಾಗಿದ ಮೇಲೆ, ಜಾಗ ಮುಚ್ಚದಂತೆ ಡಾಕ್ಟರು ಅಲ್ಲಿಗೆ ಬಳೆಯಂತೆ ಬಾಗಿಸಿದ ತಂತಿಯೊಂದನ್ನು ಕೂರಿಸಿದರು. ಮರುವರ್ಷ ಆ ತಂತಿಯ ನಡುವೆ ಹೊಸ ಹಲ್ಲಿನ ತುದಿ ಕಾಣಿಸಿತು.