ಗರಿಗರಿಯಣ್ಣನಿಗೆ ಬಂದ ಕರೆ

ಲಾಂಡ್ರಿ ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಗರಿಗರಿಯಣ್ಣ ಎಂದೇ ಕರೆಯುತ್ತಿದ್ದರು. ಯಾವ ಹೊತ್ತಿನಲ್ಲಿ ನೋಡಿದರೂ ಅವನ ಅಂಗಿ ಗಂಜಿ ಹಾಕಿ ಆಗಷ್ಟೇ ಇಸ್ತ್ರಿ ಮಾಡಿದ ಹಾಗಿರುತ್ತಿತ್ತು. ಗಂಜಿ ಹಾಕಿದವಳೂ ಇಸ್ತ್ರಿ ಮಾಡಿದವಳೂ ಹೆಂಡತಿ. ಅಡ್ಡಹೆಸರು ಮಾತ್ರ ಅವನದು. ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಲೋಕದ ಗತಿ ವಿವರಿಸುವುದು ಅವನ ಪಾಲು, ಒಳಗೆ ಹಬೆಯಲ್ಲಿ ಬೇಯುವುದು ಅವಳ ಪಾಲು. ಅಂಗಡಿ ಅವಳಿಗೆ ತಾಯಿಯಿಂದ ಬಂದದ್ದು. ಓದಿದವರು ಕಲೆ ಅನ್ನುವುದನ್ನು ಅಲ್ಲಿ ಕರೆ ಅನ್ನುತ್ತಿದ್ದರು. ಟೀ ಕರೆ, ಶಾಯಿ ಕರೆ, ತುಕ್ಕಿನ ಕರೆ. ಅಂಟಿದ್ದು ಯಾವುದೇ ಇರಲಿ, ಅವಳ ಕೈಗೆ ಸಿಕ್ಕಿದ ಮೇಲೆ ಬಿಟ್ಟು ಹೋಗಲೇಬೇಕಿತ್ತು.

ಹೀಗಿರುವಾಗ ಅವರ ಸಭೆಗೆ ಹೊಸ ಪಾಸ್ಟರ್ ಬಂದರು. ಬಂದವರೇ ಭಾನುವಾರ ಭಾನುವಾರವೂ ದೇವರ ಕರೆಯ ಮೇಲೆ ಪ್ರಸಂಗ ಶುರು ಮಾಡಿದರು. "ಆತ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೀತಾನೆ. ನಿಮ್ಮ ಕರೆ ಯಾವುದು ಅಂತ ತಿಳ್ಕೊಳ್ಳಿ!" ಎಂದು ಅವರು ಕೈ ಬೀಸಿ ಗುಡುಗಿದಾಗ ಗರಿಗರಿಯಣ್ಣನ ಮೈ ಜುಮ್ಮೆಂದಿತು. ಕಣ್ಣು ಮುಚ್ಚಿದರೆ ವೇದಿಕೆ, ಮೈಕು, ಎದುರಿಗೆ ಬಿಕ್ಕಿ ಬಿಕ್ಕಿ ಅಳುವ ಜನ. ದೇವರು ತನ್ನನ್ನು ಕರೆದರೆ ವೇದಿಕೆಗೇ ಕರೆಯುತ್ತಾನೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಕುರ್ಚಿ ಜೋಡಿಸುವುದಕ್ಕೋ ನೆಲ ಒರೆಸುವುದಕ್ಕೋ ಕರೆದಾನು ಎಂಬ ಯೋಚನೆ ಅವನ ಹತ್ತಿರವೂ ಸುಳಿಯಲಿಲ್ಲ. ಪಾಪ, ತನ್ನ ಅಂಗಿಯನ್ನಲ್ಲದೆ ತನ್ನನ್ನು ಯಾರಾದರೂ ಗುರುತಿಸಲಿ ಎಂಬ ಆಸೆ ಅವನಿಗೆ ಬಹಳ ಹಳೆಯದು.

ಅಂದಿನಿಂದ ಅವನು ಗಲ್ಲಾ ಬಿಟ್ಟು ಹಿಂದಿನ ಕೋಣೆ ಸೇರಿದ. ಉಪವಾಸ ಪ್ರಾರ್ಥನೆ. ಮಧ್ಯಾಹ್ನದವರೆಗೆ ಉಪವಾಸ, ಆಮೇಲೆ ಬೆಳಗಿನದನ್ನೂ ಸೇರಿಸಿ ಊಟ. ದೀಪ ಮಿಣುಕಿದರೆ ದೇವರೇನೋ ಎಂದು ಬೆಚ್ಚುವುದು, ಬಾಗಿಲು ಕಿರ್ ಎಂದರೆ "ಇಗೋ ಇದ್ದೇನೆ" ಎಂದು ಎದ್ದು ನಿಲ್ಲುವುದು. ಒಂದು ದಿನ ಹೊರಗೆ ಬಂದವನು ಹೆಂಡತಿಗೆ ಹೇಳಿದ:

"ಕರೆ ಬಂದ ಕೂಡಲೇ ಅಂಗಡಿ ತಮ್ಮನಿಗೆ ಬಿಟ್ಟುಕೊಡ್ತೀನಿ. ಮಾತು ಕೊಟ್ಟಾಯ್ತು. ಮೊಬೈಲ್ ಅಂಗಡಿ ಇಡ್ತಾನಂತೆ."

"ನಮ್ಮಮ್ಮನ ಅಂಗಡಿ ಕೊಡೋಕೆ ನೀವ್ಯಾರ್ರೀ?" ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲೇ ಇತ್ತು. ಅವನು ಕೊಂಚ ಹಿಂದೆ ಸರಿದು ನಿಂತ.

"ನಾನಲ್ಲ ಕಣೇ, ಕರ್ತನೇ ಕೊಡಿಸ್ತಾನೆ."

"ಆತನಿಗೆ ಬೇಕಿದ್ರೆ ನನ್ನನ್ನೇ ಕೇಳ್ತಾನೆ. ಅಂಗಡೀಲಿ ಯಾರು ಇರ್ತಾರೆ ಅಂತ ಆತನಿಗೆ ಗೊತ್ತಿಲ್ವಾ?"

ಕೊನೆಯ ಮಾತಿಗೆ ಅವಳ ದನಿ ನಡುಗಿತು. ಅವನಿಗದು ಕೇಳಿಸಿತು ಕೂಡ. ಆದರೆ ದೇವರ ದನಿಗೆ ಕಿವಿ ನಿಮಿರಿಸಿಕೊಂಡವನು ಹೆಂಡತಿಯ ದನಿಗೆಲ್ಲ ಕಿವಿಗೊಡುತ್ತಾನೆಯೇ? ಬೀಗದ ಕೈ ತನ್ನ ಜೇಬಿನಲ್ಲೇ ಇದೆಯೆಂದು ಮುಟ್ಟಿ ನೋಡಿಕೊಂಡು ಒಳಗೆ ಹೋದ.

ಶನಿವಾರ ಅವಳು ಬಟ್ಟೆ ತಲುಪಿಸಲು ಹೋಗಿದ್ದಾಗ ಸಭೆಯಲ್ಲಿ ಗಂಟೆ ಬಾರಿಸುವ ಮುದುಕ ಅಂಗಡಿಗೆ ಬಂದ.

"ಪಾಸ್ಟರ್ ಹೇಳಿ ಕಳಿಸಿದ್ರು. ಕರೆ ಇದೆಯಂತೆ. ಭಾರಿ ದೊಡ್ಡ ಕರೆ. ನಾಳೆ ಬರಲೇಬೇಕಂತೆ. ತಡ ಮಾಡಿದ್ರೆ ಕಷ್ಟ ಅಂದ್ರು."

ಗರಿಗರಿಯಣ್ಣ ಮುದುಕನ ಎರಡೂ ಕೈ ಹಿಡಿದು ಗೊಳೋ ಎಂದು ಅತ್ತುಬಿಟ್ಟ. "ನಮಗೇನಾ ತಾತ? ನಿಜವಾಗ್ಲೂ ನಮಗೇನಾ?"

"ಮತ್ತೆ ಇನ್ಯಾರಿಗೆ ಹೇಳಬೇಕು?" ಎಂದ ಮುದುಕ, ಬೆರಗಾಗಿ. ಹೆಂಡತಿ ಬಂದಾಗ ಗಂಡ ಕನ್ನಡಿಯ ಮುಂದೆ ನಿಂತು ಕೈ ಬೀಸಿ ಗುಡುಗುವುದನ್ನು ಅಭ್ಯಾಸ ಮಾಡುತ್ತಿದ್ದ. ಕರೆ ಬಂತು ಎಂದಷ್ಟೇ ಹೇಳಿದ. ಅವಳು ಹೋಗಿ ತಾಯಿಯ ಕಾಲದ ಇಸ್ತ್ರಿ ಮೇಜನ್ನು ಒರೆಸುತ್ತಾ ನಿಂತಳು.

ಭಾನುವಾರ ತಮ್ಮನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನಿಗೆ ದೇವರಿಗಿಂತ ಬೀಗದ ಕೈಯ ಮೇಲೆ ಭಕ್ತಿ. ದೇವರು ತಮಗೆ ಮಾಡಿದ್ದನ್ನು ಜನ ಎದ್ದು ಸಾಕ್ಷಿ ಹೇಳುವ ಹೊತ್ತು ಬಂದದ್ದೇ ತಡ, ಗರಿಗರಿಯಣ್ಣ ದಾಪುಗಾಲು ಹಾಕಿ ವೇದಿಕೆ ಏರಿದ.

"ಸಭೆಯವರೇ, ನನಗೆ ಕರೆ ಬಂದಿದೆ! ಪಾಸ್ಟರ್ ಬಾಯಿಂದಲೇ ಬಂದಿದೆ! ಇವತ್ತಿಗೆ ನಾನು ಅಂಗಡಿ ಬಿಟ್ಟೆ!" ಎಂದು ಬೀಗದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಯಾರೋ ಹಲ್ಲೆಲೂಯಾ ಎಂದರು.

ಪಾಸ್ಟರ್ ಕಣ್ಣು ಕಣ್ಣು ಬಿಟ್ಟರು. "ನನ್ನ ಬಾಯಿಂದಲಾ?" ಎಂದು ಒಂದು ಗಳಿಗೆ ತಡಕಾಡಿ, ಹಣೆ ಚಚ್ಚಿಕೊಂಡರು. ಮೈಕು ಆರಿಸಬೇಕೆಂದು ಅವರಿಗೆ ತೋಚಲಿಲ್ಲ. "ಅಣ್ಣಾ, ಆ ಕರೆ ಅಲ್ಲ. ಈ ಕರೆ!"

ಅವರು ತೋರಿಸಿದ್ದು ಬೆನ್ನ ಹಿಂದಿನ ದೊಡ್ಡ ಬಿಳಿ ಪರದೆಯನ್ನು. ಹೋದ ಭಾನುವಾರ ಕರೆ ಕರೆ ಎಂದು ಕೈ ಬೀಸುವ ಆವೇಶದಲ್ಲಿ ಅವರೇ ಪ್ರಭುಭೋಜನದ ದ್ರಾಕ್ಷಾರಸವನ್ನು ಅದರ ಮೇಲೆ ಎರಚಿದ್ದರು. ಸಭೆಯೆಲ್ಲ ಕಂಡಿತ್ತು. ಕಣ್ಣು ಮುಚ್ಚಿ ಪುಳಕಗೊಂಡಿದ್ದವನೊಬ್ಬ ಮಾತ್ರ ಕಂಡಿರಲಿಲ್ಲ.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮರುಗಳಿಗೆ ಇಡೀ ಸಭೆ ನಕ್ಕಿತು. ಗರಿಗರಿಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಜಟ್ಟಿಯ ಮೀಸೆ ಮಣ್ಣಾಗಬಾರದಲ್ಲ. "ಆಗಲಿ," ಎಂದ. "ಈ ಕರೆಯ ಮೂಲಕವೇ ದೇವರು ನನ್ನನ್ನ ಕರೆದಿರಬಹುದಲ್ಲ?"

ಪಾಸ್ಟರಿಗೆ ಕುಹಕ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಇದೂ ನಿಮಗಲ್ಲ ಅಣ್ಣಾ. ಕರೆ ತೆಗೆಯೋಕೆ ನಿಮಗೆಲ್ಲಿ ಬರುತ್ತೆ? ನಾನು ಹೇಳಿ ಕಳಿಸಿದ್ದು ನಿಮ್ಮ ಮನೆಯವರಿಗೆ."

ಈ ಸಲ ಯಾರೂ ನಗಲಿಲ್ಲ. ಹೆಂಡತಿ ಎದ್ದು ಬಂದಳು. ಪರದೆಯ ಅಂಚನ್ನು ಬೆರಳ ನಡುವೆ ಉಜ್ಜಿ ನೋಡಿ, "ಹೋಗುತ್ತೆ. ಬಿಚ್ಚಿಸಿ ಕೊಡಿ," ಎಂದಳು. ಗಂಡನ ಕೈ ಇನ್ನೂ ಮೇಲೇ ಇತ್ತು, ಇಳಿಸುವುದನ್ನೇ ಮರೆತಿದ್ದ. ಅವಳು ಅದರೊಳಗಿಂದ ಬೀಗದ ಕೈ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಹಿಂದಿನ ಬೆಂಚಿನಲ್ಲಿದ್ದ ತಮ್ಮ, ಕೊನೆಯ ಪ್ರಾರ್ಥನೆಗೂ ಕಾಯದೆ ಜಾಗ ಖಾಲಿ ಮಾಡಿದ.

ಬೀಗದ ಕೈ ಮತ್ತೆ ಗಂಡನ ಜೇಬಿಗೆ ಬರಲಿಲ್ಲ. ಅವನೀಗ ಗಲ್ಲಾದಲ್ಲೇ ಕೂರುತ್ತಾನೆ. ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳಬೇಕಾದ್ದರಿಂದ ಗರಿಗರಿ ಎಂಬ ಹೆಸರು ಬಿದ್ದುಹೋಗಿದೆ. ಗಿರಾಕಿ ಬಟ್ಟೆ ಇಟ್ಟರೆ ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಅಂಟಿದ್ದು ಕಂಡರೆ ಒಳಗೆ ತಿರುಗಿ ಕೂಗುತ್ತಾನೆ.

"ಲೇ, ನಿನಗೆ ಕರೆ!"

"ಗೊತ್ತು ಬಿಡಿ," ಎಂದು ಹಬೆಯೊಳಗಿಂದ ಉತ್ತರ ಬರುತ್ತದೆ.