ಟೇಕ್ ಹನ್ನೊಂದರಲ್ಲಿ ಹೆಣ ಮಾತಾಡಿತು

ಧನಗೆರೆಯಲ್ಲಿ ಹೆಣವಾಗಲು ಯಾರೂ ಒಪ್ಪಲಿಲ್ಲ. ಸಿನಿಮಾದಲ್ಲಿ ಮುಖ ಬರುತ್ತದೆ ಅಂದಾಗ ಓಡಿಬಂದವರೆಲ್ಲ, ಯಾವ ಥರದ ಮುಖ ಎಂದು ಗೊತ್ತಾದ ಮೇಲೆ ಗದ್ದೆಗೆ ನೀರು ಕಟ್ಟುವುದಿದೆ ಎಂದು ಹೊರಟುಹೋದರು.

ನಿರ್ದೇಶಕ ಮಹದೇವಪ್ರಸಾದನಿಗೆ ಅದು ಮೊದಲ ಸಿನಿಮಾ. ಹನೂರಿನ ಕಡೆ ಇಪ್ಪತ್ತು ದಿನದ ಚಿತ್ರೀಕರಣ ಮುಗಿಸಿ, ಸಾವಿನ ಮನೆಯ ಒಂದೇ ಒಂದು ದೃಶ್ಯಕ್ಕೆ ಧನಗೆರೆಯ ಹಳೇ ತೊಟ್ಟಿಮನೆಗೆ ಬಂದಿದ್ದ. ಹೆಣವಿಲ್ಲದೆ ಆ ದೃಶ್ಯ ಆಗುವುದಿಲ್ಲ ಎಂದು ಅವನು ಶಾಂತಮೂರ್ತಿಗೆ ಹೇಳಿದ. ಶಾಂತಮೂರ್ತಿ ಕೊಳ್ಳೇಗಾಲದಲ್ಲಿ ಶಾಮಿಯಾನದ ಅಂಗಡಿ ಇಟ್ಟವನು; ಈ ಸಿನಿಮಾಕ್ಕೆ ಜನ, ಜಾನುವಾರು, ಜನರೇಟರು ಒದಗಿಸುವ ಕೆಲಸ ಅವನದು. ಮಾರನೆಯ ಬೆಳಿಗ್ಗೆ ಅವನು ಯಳಂದೂರು ತಾಲ್ಲೂಕಿನ ಅಗರದಿಂದ ಒಬ್ಬ ಮುದುಕನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಂದ. ಹೆಸರು ಚಿನ್ನಸ್ವಾಮಿ, ವಯಸ್ಸು ಅರವತ್ತನಾಲ್ಕು. ಪ್ರಾಯದಲ್ಲಿ ಬಾವಿಗೆ ಬಿದ್ದ ಕೊಡ, ಹಗ್ಗ, ಮೋಟಾರು ಎತ್ತಿಕೊಡುತ್ತಿದ್ದವನು. ನೀರೊಳಗೆ ಎರಡು ನಿಮಿಷ ಇರುತ್ತಿದ್ದ.

"ಹೆಣಕ್ಕ ಬೇರೆ ಏನ್ ಕೆಲ್ಸ ಅದ ಸಾ? ಉಸ್ರು ಬುಡಬಾರ್ದು, ಅಷ್ಟೇ ತಾನೆ? ಇಂವ ಬುಡಲ್ಲ" ಎಂದ ಶಾಂತಮೂರ್ತಿ.

ಅಳುವವರ ವಿಚಾರದಲ್ಲಿ ತೊಂದರೆ ಇರಲಿಲ್ಲ. ಧನಗೆರೆಯಲ್ಲಿ ಯಾರು ಸತ್ತರೂ ಗೋವಿಂದಮ್ಮನನ್ನು ಕರೆಯುತ್ತಿದ್ದರು. ಆಕೆ ಸತ್ತವರ ಎದುರು ಕುಳಿತು, ಅವರು ಹುಟ್ಟಿದ್ದರಿಂದ ಹಿಡಿದು ಹಿಂದಿನ ದಿನ ಉಂಡದ್ದರವರೆಗೆ ಹಾಡಿ ಅಳುತ್ತಿದ್ದಳು. ಎರಡು ಗಂಟೆ ನಿಲ್ಲಿಸದೆ ಅತ್ತದ್ದೂ ಉಂಟು. ಸಿನಿಮಾದಲ್ಲಿ ಎರಡು ನಿಮಿಷ ಸಾಕು ಎಂದಾಗ, "ಎಲ್ಡೇ ನಿಮಿಷಕ್ಕ ಇಷ್ಟೊಂದ್ ಜನ್ವಾ?" ಎಂದು ಕೇಳಿದ್ದಳು.

ಶಾಂತಮೂರ್ತಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಚಿನ್ನಸ್ವಾಮಿ ಗೋವಿಂದಮ್ಮನ ಒಡಹುಟ್ಟಿದ ಅಣ್ಣ. ಇಬ್ಬರಿಗೂ ಎಂಟು ವರ್ಷದಿಂದ ಮಾತಿರಲಿಲ್ಲ.

ಅದಕ್ಕೆ ಕಾರಣ ಒಂದು ಎತ್ತು. ಚಿನ್ನಸ್ವಾಮಿ ಸಂತೆಯಲ್ಲಿ ನಾಲ್ಕು ಹಲ್ಲಿನ ಎಳೆಯದು ಎಂದು ನಂಬಿ ಎತ್ತು ತಂದಿದ್ದ. ಗೋವಿಂದಮ್ಮನ ಗಂಡ ಪ್ರಭುಸ್ವಾಮಿ ಅಗರಕ್ಕೆ ಹೋದವನು, ಹತ್ತು ಜನರ ಎದುರು ಅದರ ಬಾಯಿ ಅಗಲಿಸಿ ನೋಡಿ, "ಭಾವ, ಇದು ನಿನ್ ಓರ್ಗೆದೇ ಕಣ, ಒಂದೊರ್ಸ ಕಮ್ಮಿ ಇರಬೋದು" ಎಂದ. ಜನ ನಕ್ಕರು. ಚಿನ್ನಸ್ವಾಮಿ ನಗಲಿಲ್ಲ. "ಇನ್ನ ನಿನ್ ಹೆಣಕ್ಕೂ ಬರಲ್ಲ ಕಣ್ಲಾ" ಎಂದುಬಿಟ್ಟ. ಮೂರು ತಿಂಗಳಿಗೆ ಪ್ರಭುಸ್ವಾಮಿ ಎದೆನೋವು ಬಂದು ತೀರಿಕೊಂಡ. ಚಿನ್ನಸ್ವಾಮಿ ಬರಲಿಲ್ಲ.

ಬೆಳಿಗ್ಗೆ ಕಲಾ ನಿರ್ದೇಶಕರು ಬಿದಿರು ಕಡಿಸಿ, ಮೂರು ಗಂಟೆ ಕಷ್ಟಪಟ್ಟು ಒಂದು ಚಟ್ಟ ಕಟ್ಟಿಸಿದ್ದರು. ನೋಡಲು ಬಂದ ಊರಿನವರು, "ನಮ್ ಕಡ ಹೆಣ ಮನುಗ್ಸಲ್ಲ ಸಾ, ಗೋಡೆಗ ಒರಗ್ಸಿ ಕೂರಿಸ್ತೀವಿ" ಎಂದರು. ಕಲಾ ನಿರ್ದೇಶಕರು ಚಟ್ಟ ಬಿಚ್ಚಿಸಿ, ಅದೇ ಬಿದಿರಿನಲ್ಲಿ ಬೆನ್ನಿಗೆ ಒಂದು ಚೌಕಟ್ಟು ಮಾಡಿಸಿದರು. ಚಿನ್ನಸ್ವಾಮಿಯನ್ನು ಅದಕ್ಕೆ ಒರಗಿಸಿ, ಎದೆಗೂ ಹಣೆಗೂ ಬಿಳಿ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದರು.

ಮೇಕಪ್ಪಿನ ಮುತ್ತಯ್ಯ ಅವನ ಮುಖಕ್ಕೆ ಬೂದುಬಣ್ಣ ಬಳಿದು, ಮೂಗಿಗೆ ಹತ್ತಿ ತುರುಕಿದ. ಮೂವತ್ತು ವರ್ಷದ ಅನುಭವಸ್ಥ. "ಬದುಕಿರೋರ್ಗೆ ಮೇಕಪ್ ಮಾಡೋದು ಕಷ್ಟ ಯಜಮಾನ್ರೆ. ನಡುನಡುವೆ ಕನ್ನಡಿ ಕೇಳ್ತಾರೆ" ಎಂದ. ಚಿನ್ನಸ್ವಾಮಿ ಕನ್ನಡಿ ಕೇಳಲಿಲ್ಲ. ಹಣೆ ಕಟ್ಟಿದ್ದರಿಂದ ಅವನಿಗೆ ತಲೆ ಆಡಿಸಲೂ ಆಗುತ್ತಿರಲಿಲ್ಲ.

ಗೋವಿಂದಮ್ಮ ಒಳಗೆ ಬಂದಾಗ ಹೆಣದ ಕಣ್ಣು ಮುಚ್ಚಿತ್ತು. ಬೂದುಬಣ್ಣ, ಪೇಟ, ಹಾರದ ನಡುವೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆಕೆ ಪಾದ ನೋಡಿದಳು. ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಆಕೆ ಆರು ವರ್ಷದವಳಿದ್ದಾಗ ಗುಂಡುಕಲ್ಲನ್ನು ಅದರ ಮೇಲೆ ಬೀಳಿಸಿದವಳು ಆಕೆಯೇ. ತೋರಿಸಿದ ಜಾಗದಲ್ಲಿ ಹೋಗಿ ಕುಳಿತಳು. ಕ್ಯಾಮೆರಾ ಹೆಣದ ಭುಜದ ಹಿಂದಿತ್ತು. ಆಕೆಯ ಮುಖವೆಲ್ಲ ಕಾಣುವಂತೆ, ಹೆಣದ ಒಂದು ಕಿವಿ ಮಾತ್ರ ಕಾಣುವಂತೆ.

ಮೊದಲ ಟೇಕಿನಲ್ಲಿ ಗೋವಿಂದಮ್ಮ ಚೆನ್ನಾಗಿ ಹಾಡಿದಳು. ದನಿ ಕೇಳಿದೊಡನೆ ಚಿನ್ನಸ್ವಾಮಿಗೂ ಎದುರು ಕುಳಿತವರು ಯಾರು ಎಂದು ತಿಳಿಯಿತು. ಅವನು ಉಸಿರು ಬಿಡಲಿಲ್ಲ. ಹಾಡು ಮುಗಿಯಿತು, ಕಣ್ಣೀರು ಮಾತ್ರ ಬರಲಿಲ್ಲ.

"ಅಮ್ಮಾ, ಹಾಡು ಚೆನ್ನಾಗಿದೆ. ಕಣ್ಣೀರು?" ಎಂದ ಮಹದೇವಪ್ರಸಾದ್.

"ಬರಲ್ಲ ಕಣಪ್ಪ."

"ಯಾಕಮ್ಮಾ?"

"ಈ ಹೆಣ ನೋಡುದ್ರ ಬರಲ್ಲ."

ಮಹದೇವಪ್ರಸಾದ್ ಇದನ್ನು ಮೇಕಪ್ಪಿನ ದೋಷ ಎಂದು ತಿಳಿದು ಮುತ್ತಯ್ಯನನ್ನು ಕರೆದ. ಮುತ್ತಯ್ಯ ಕೆನ್ನೆಗೆ ಇನ್ನಷ್ಟು ನೆರಳು ಬಳಿದು, ಹೆಣ ನೋಡಿದರೆ ಅಯ್ಯೋ ಅನ್ನಿಸುವಂತೆ ಮಾಡಿದ. ಗೋವಿಂದಮ್ಮನಿಗೆ ಅನ್ನಿಸಲಿಲ್ಲ.

ಎರಡನೆಯ ಟೇಕಿಗೆ ಪಕ್ಕದ ಬೀದಿಯ ಹಿಟ್ಟಿನ ಗಿರಣಿ ಶುರುವಾಯಿತು. ಶಬ್ದ ಹಿಡಿಯುವ ದೀಪಶ್ರೀ ಹೆಡ್‌ಫೋನು ತೆಗೆದು ಕೈಯೆತ್ತಿದಳು. ಶಾಂತಮೂರ್ತಿ ಓಡಿಹೋಗಿ ಗಿರಣಿ ನಿಲ್ಲಿಸಿ, ಮತ್ತೆ ಶುರುವಾಗದಿರಲಿ ಎಂದು ಗಿರಣಿಯವನನ್ನೇ ಶೂಟಿಂಗ್ ನೋಡಲು ಕರೆತಂದ. ಮೂರನೆಯದಕ್ಕೆ ಫೋಕಸ್ ಗೋವಿಂದಮ್ಮನನ್ನು ಬಿಟ್ಟು ಹಿಂದೆ ನಿಂತಿದ್ದ ಗಿರಣಿಯವನ ಮೇಲೆ ಹೋಯಿತು. ಆಮೇಲೆ ಭವ್ಯಶ್ರೀ ಅಡ್ಡ ಬಂದಳು. ಒಂದು ಟೇಕಿಗೂ ಇನ್ನೊಂದಕ್ಕೂ ವ್ಯತ್ಯಾಸ ಬಾರದಂತೆ ಎಲ್ಲವನ್ನೂ ಬರೆದಿಡುವುದು ಅವಳ ಕೆಲಸ; ಹಾರ ಎಡಕ್ಕೆ ಜಾರಿದೆ ಎಂದಳು. ಜಾರಿತ್ತು. ಐದರಲ್ಲಿ ಹೆಣ ಸೀನಿತು. ಕಣ್ಣಿಗೆ ಗ್ಲಿಸರಿನ್ ಹಾಕಿದರೆ ಗೋವಿಂದಮ್ಮ ಉರಿ ಎಂದು ಮುಖ ತೊಳೆಯಲು ಹಿತ್ತಲಿಗೆ ಹೋದವಳು ಇಪ್ಪತ್ತು ನಿಮಿಷ ಬರಲಿಲ್ಲ. ಹತ್ತನೆಯ ಟೇಕಿನಲ್ಲಿ ಗಿರಣಿ, ಫೋಕಸ್, ಹಾರ, ಮೂಗು ಎಲ್ಲವೂ ಸರಿಯಿದ್ದವು. ಕಣ್ಣೀರು ಇರಲಿಲ್ಲ.

ಮಹದೇವಪ್ರಸಾದ್ ಆಕೆಯ ಎದುರು ಕುಕ್ಕರುಗಾಲಲ್ಲಿ ಕುಳಿತ.

"ಅಮ್ಮಾ, ಹಾಡು ಬಿಟ್ಬಿಡಿ. ಇವ್ರಿಗೆ ಏನು ಹೇಳ್ಬೇಕು ಅನ್ಸುತ್ತೋ ಅದನ್ನ ಹೇಳಿ."

"ಏಳಲಾ?"

"ಹೇಳಿ."

"ಮಧ್ಯದಲ್ಲಿ ನಿಲ್ಲುಸ್ಬಾರ್ದು."

"ನಿಲ್ಸಲ್ಲ."

ಟೇಕ್ ಹನ್ನೊಂದು. ಗೋವಿಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನಣ್ಣಯ್ಯ, ಬಂದ್ಯಾ ಧನಗೆರೆಗ? ಅಗರ್ದಿಂದ ಧನಗೆರೆಗ ಎಂಟೊರ್ಸದ ದಾರಿಯಾ? ನನ್ ಗಂಡುನ್ನ ಇಂಗೇ ಕೂರಿಸಿದ್ದೊ. ವೊತ್ತಾರಿಂದ ಕೂರಿಸಿದ್ದೊ. ಎಲ್ರೂ ಎತ್ತಣ ಎತ್ತಣ ಅಂದ್ರು. ನಮ್ಮಣ್ಣ ಬತ್ತನ, ತಡೀರಿ ಅಂದಿ ನಾನು. ಬೀದಿ ಕೊನಗ ನಿಂತ್ಕಂಡು ನೋಡ್ದಿ. ವೊತ್ತು ಮುಳುಗ್ತು ಅಣ್ಣಯ್ಯ. ಅವ್ರು ಸತ್ತದ್ದು ಒಂದ್ ಪಾಲು, ನೀ ಬರ್ದೇ ಇದ್ದದ್ದು ಎಲ್ಡು ಪಾಲು..."

ಅಷ್ಟು ಹೊತ್ತಿಗೆ ಕಣ್ಣೀರು ಸುರಿಯುತ್ತಿತ್ತು. ಫೋಕಸ್ ಹಿಡಿದವನು ಆಕೆಯನ್ನು ಬಿಡಲಿಲ್ಲ. ಮಹದೇವಪ್ರಸಾದ್ ಮಾನಿಟರಿನ ಎದುರು ಕೈಕಟ್ಟಿ ನಿಂತಿದ್ದ.

"ನೀ ಬರ್ನಿಲ್ಲ ಅಣ್ಣಯ್ಯೋ, ನೀ ಬರ್ನಿಲ್ಲ..."

"ನಾ ಬಂದಿದ್ದಿ ಕಣವ್ವ" ಎಂದಿತು ಹೆಣ.

ಗೋವಿಂದಮ್ಮ ಆ ಮಾತಿನ ಮೇಲೂ ನಾಲ್ಕೈದು ಕ್ಷಣ ಅತ್ತಳು. ಹೆಣ ಇನ್ನೊಂದು ಸಲ ಅದನ್ನೇ ಹೇಳಿತು. ಭವ್ಯಶ್ರೀ ತನ್ನ ಹಾಳೆಯಲ್ಲಿ, "ಟೇಕ್ ೧೧. ಹೆಣ ಮಾತಾಡಿತು, ಎರಡು ಸಲ" ಎಂದು ಬರೆದು ಸಮಯ ನಮೂದಿಸಿದಳು.

ಗೋವಿಂದಮ್ಮ ಎದ್ದು ಮುಖ ಒರೆಸಿಕೊಂಡು, "ಮುಗೀತಾ? ಎಮ್ಮೆ ಆಲು ಕರೀಬೇಕು" ಎಂದು ಹೊರಟಳು. ಚಿನ್ನಸ್ವಾಮಿ ಅವಳ ಹಿಂದೆ ಹೋಗಲು ನೋಡಿದ. ಬಿದಿರಿನ ಚೌಕಟ್ಟು ಬಿಡಲಿಲ್ಲ. ಎರಡು ಜನ ಸೇರಿ ಗಂಟು ಬಿಚ್ಚುವಷ್ಟರಲ್ಲಿ ಆಕೆಯ ಮನೆಯ ಬಾಗಿಲು ಹಾಕಿತ್ತು. ಅವನು ಹೆಣದ ಮುಖದಲ್ಲೇ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತ. ಒಬ್ಬ ಹೆಂಗಸು ಹೆದರಿ ಕೊಡ ಬೀಳಿಸಿಕೊಂಡಳು. ಶಾಂತಮೂರ್ತಿ ಅವನನ್ನು ವ್ಯಾನಿಗೆ ಹತ್ತಿಸಿ ಅಗರಕ್ಕೆ ಬಿಟ್ಟುಬಂದ.

ಎರಡು ತಿಂಗಳ ಮೇಲೆ ಸಂಕಲನಕಾರ ಶಿವಕುಮಾರಸ್ವಾಮಿ ಆ ಹನ್ನೊಂದೂ ಟೇಕು ನೋಡಿ, ಕೊನೆಯದೊಂದನ್ನೇ ಇಟ್ಟುಕೊಳ್ಳುತ್ತೇನೆ ಎಂದ. ಹೆಣದ ತುಟಿ ಕಾಣುವುದಿಲ್ಲವಾದ್ದರಿಂದ ಚಿತ್ರಕ್ಕೆ ತೊಂದರೆಯಿಲ್ಲ. ತೊಂದರೆ ಶಬ್ದದ್ದು. ದೀಪಶ್ರೀ ಮೂರು ದಿನ ಕುಳಿತು ಅಣ್ಣನ ಮಾತನ್ನು ತಂಗಿಯ ಅಳುವಿನಿಂದ ಬೇರೆ ಮಾಡಲು ನೋಡಿದಳು. ಬೇರೆಯಾಗಲಿಲ್ಲ. "ಆ ಮಾತು ಅಳುವಿನೊಳಗೆ ಸೇರ್ಕೊಂಡುಬಿಟ್ಟಿದೆ ಸರ್. ಆಯಮ್ಮನ ಕೈಲೇ ಡಬ್ಬಿಂಗ್ ಮಾಡಿಸ್ಬೇಕು" ಎಂದಳು.

ಸ್ಟುಡಿಯೊ ದೂರವಾಯಿತು ಎಂದು ಶಾಂತಮೂರ್ತಿಯ ಕೊಳ್ಳೇಗಾಲದ ಗೋದಾಮಿನಲ್ಲೇ ವ್ಯವಸ್ಥೆಯಾಯಿತು. ಮದುವೆಮನೆಗಳಿಗೆ ಬಾಡಿಗೆಗೆ ಕೊಡುವ ಹಾಸಿಗೆಗಳನ್ನು ದೀಪಶ್ರೀ ನಾಲ್ಕೂ ಗೋಡೆಗೆ ನಿಲ್ಲಿಸಿದಳು. ಒಳಗೆ ಚಪ್ಪಾಳೆ ತಟ್ಟಿದರೆ ಚಪ್ಪಾಳೆ ತಟ್ಟಿದಂತೆ ಕೇಳುತ್ತಿರಲಿಲ್ಲ. ಅವಳಿಗೆ ತೃಪ್ತಿಯಾಯಿತು.

ಗೋವಿಂದಮ್ಮ ಕಿವಿಗೆ ಹೆಡ್‌ಫೋನು ಹಾಕಿಸಿಕೊಂಡು ಪರದೆಯ ಎದುರು ಕುಳಿತಳು. ಪರದೆಯ ಮೇಲೆ ಆಕೆ ಅಳತೊಡಗಿದಳು. ಕುಳಿತ ಗೋವಿಂದಮ್ಮ ಸುಮ್ಮನೆ ನೋಡಿದಳು.

"ಅಮ್ಮಾ, ನೀವು ಹೇಳ್ಬೇಕು" ಎಂದಳು ದೀಪಶ್ರೀ.

"ಪಾಪ, ಎಂಗ್ ಅಳ್ತಾಳ ನೋಡವ್ವ" ಎಂದಳು ಗೋವಿಂದಮ್ಮ.

ಭವ್ಯಶ್ರೀ ಬರೆದಿಟ್ಟ ಹಾಳೆಯಿಂದ ದೀಪಶ್ರೀ ಒಂದೊಂದೇ ಮಾತು ಓದಿ ಹೇಳಿದಳು. ಗೋವಿಂದಮ್ಮ ಅದನ್ನು ಪಡಿತರದ ಚೀಟಿ ಓದಿದಂತೆ ಹೇಳಿದಳು. ಹಾಸಿಗೆಗಳಿಗೆ ಅಳಬೇಕೆಂದರೆ ತನ್ನ ಕೈಲಾಗದು ಎಂದಳು. ಮಧ್ಯಾಹ್ನ ದೀಪಶ್ರೀ ಹೊರಗೆ ಬಂದು ಶಾಂತಮೂರ್ತಿಗೆ, "ಅಣ್ಣಾ, ಹೆಣಾನ ಕರ್ಕೊಂಡ್ ಬನ್ನಿ" ಎಂದಳು.

ಚಿನ್ನಸ್ವಾಮಿ ಎರಡು ಗಂಟೆಗೆ ಬಂದ. ಒಗೆದ ಅಂಗಿ ಹಾಕಿದ್ದ. ತಂಗಿಯ ಮುಖ ನೋಡಲಿಲ್ಲ. ದೀಪಶ್ರೀ ತೋರಿಸಿದ ಕಡೆ ಹಾಸಿಗೆಗೆ ಒರಗಿ ಕುಳಿತ. ಈ ಸಲ ಯಾರೂ ಕಟ್ಟಿರಲಿಲ್ಲ.

"ಯಜಮಾನ್ರೆ, ಏನೇ ಆದ್ರೂ ಬಾಯಿ ಬಿಡೋ ಹಾಗಿಲ್ಲ" ಎಂದಳು ದೀಪಶ್ರೀ.

"ಬುಡಲ್ಲ ಕಣವ್ವ" ಎಂದು ಕಣ್ಣು ಮುಚ್ಚಿದ.

ಗೋವಿಂದಮ್ಮ ಪರದೆ ನೋಡುವುದನ್ನು ಬಿಟ್ಟು ಅವನನ್ನು ನೋಡಿದಳು. ಹಾಳೆ ಬೇಕಾಗಲಿಲ್ಲ. ಅಗರದಿಂದ ಧನಗೆರೆಯ ದಾರಿ, ಬೀದಿಯ ಕೊನೆ, ಮುಳುಗಿದ ಹೊತ್ತು, ಎಲ್ಲವೂ ಅದೇ ಕ್ರಮದಲ್ಲಿ ಬಂದವು. ಪರದೆಯ ತುಟಿಗೂ ಆಕೆಯ ಮಾತಿಗೂ ಒಂದು ಕಡೆಯೂ ವ್ಯತ್ಯಾಸವಾಗಲಿಲ್ಲ. ನೀ ಬರ್ನಿಲ್ಲ ಎಂದು ಎರಡು ಸಲ ಹೇಳಿದಳು. ಚಿನ್ನಸ್ವಾಮಿ ಬಾಯಿ ಬಿಡಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗದ್ದದವರೆಗೆ ಬಂತು. ಅದಕ್ಕೆ ಶಬ್ದವಿಲ್ಲವಾದ್ದರಿಂದ ದೀಪಶ್ರೀ ನಿಲ್ಲಿಸಲಿಲ್ಲ.

"ಓಕೆ" ಎಂದಳು ಕೊನೆಗೆ. ಹೆಡ್‌ಫೋನು ತೆಗೆದಿಟ್ಟು, ಚಹಾ ತರುತ್ತೇನೆ ಎಂದು ಹೊರಗೆ ಹೋದಳು.

ಗೋವಿಂದಮ್ಮ ಮೂಗು ಒರೆಸಿಕೊಂಡು ಕೇಳಿದಳು. "ಬಂದಿದ್ದಿ ಅಂದಲ್ಲ ಅವತ್ತು. ಎಲ್ಲಿಗ ಬಂದಿದ್ದ ನೀನು?"

"ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗ."

"ಅಲ್ಲಿಂದ?"

"ಊವಿನ್ ಆರ ತಕಂಡಿದ್ದಿ. ಧನಗೆರೆ ಕಡ ಓಗ ಬಸ್ಸು ಮೂರು ಬಂದೊ. ಒಂದ್ಕೂ ಅತ್ನಿಲ್ಲ." ಚಿನ್ನಸ್ವಾಮಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. "ಹೆಣಕ್ಕೂ ಬರಲ್ಲ ಅಂತ ಅಷ್ಟ್ ಜನದ ಎದ್ರುಗ ಅಂದ್ಬುಟ್ಟಿದ್ನಲ್ಲವ್ವ. ನಾ ಅಂದದ್ಕೇ ಅಂವ ಸತ್ತೋದ ಅಂತ ಆಗೋಗಿತ್ತು ನಂಗ. ಯಾವ್ ಮುಖ ತಕಂಡ್ ಬರನ?"

ಗೋವಿಂದಮ್ಮ ಅವನ ಹತ್ತಿರಕ್ಕೆ ಸರಿದು ಕುಳಿತಳು.

"ಆರ ಏನ್ ಮಾಡ್ದ?"

"ಅಲ್ಲೇ ನಿಂತಿದ್ದ ಒಂದ್ ಆಟೋಗ ಆಕ್ಬುಟ್ಟಿ. ಆಟೋದಂವ ಕೈ ಮುಗ್ದ."

ಆಕೆಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಬಹಳ ಹೊತ್ತು ಅಲುಗಿತು. ಆಮೇಲೆ, "ಮೂರ್ ಗಂಟೆಗ ಒಂದ್ ಬಸ್ ಅದ. ಅತ್ತು" ಎಂದಳು.

ಅವನು ಹತ್ತಿದ. ಪ್ರಭುಸ್ವಾಮಿಯನ್ನು ಮಣ್ಣು ಮಾಡಿದ್ದು ಅವರದೇ ಹೊಲದ ಬದುವಿನಲ್ಲಿ. ಚಿನ್ನಸ್ವಾಮಿ ಅಲ್ಲಿ ಚಪ್ಪಲಿ ಬಿಟ್ಟು ನಿಂತು, "ನಾ ಮಾತು ತಪ್ಬುಟ್ಟಿ ಕಣ ಭಾವ" ಎಂದ. ಅಂದು ಅವನು ತಂಗಿಯ ಮನೆಯಲ್ಲೇ ಉಂಡು ಉಳಿದ.

ಸಿನಿಮಾ ಮುಂದಿನ ವರ್ಷ ಬಂತು. ಅಣ್ಣತಂಗಿ ಕೊಳ್ಳೇಗಾಲದಲ್ಲಿ ಮಧ್ಯಾಹ್ನದ ಆಟಕ್ಕೆ ಹೋದರು. ಅಳುವ ದೃಶ್ಯ ಹತ್ತೊಂಬತ್ತು ಸೆಕೆಂಡು ಇತ್ತು. ಅದರಲ್ಲಿ ಅರ್ಧಕ್ಕೆ ಸಂಗೀತ ನಿರ್ದೇಶಕರು ಕೊಳಲು ಹಾಕಿದ್ದರು. ಪಕ್ಕದ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು. ಗೋವಿಂದಮ್ಮ ಅವಳ ಕಡೆ ತಿರುಗಿ, "ಸುಮ್ಕಿರವ್ವ, ಅಂವ ಇಲ್ಲೇ ಅವ್ನ" ಎಂದು ಸಮಾಧಾನ ಹೇಳಿದಳು.

ಸಿನಿಮಾ ಮುಗಿದು ಹೆಸರುಗಳು ಮೇಲೇರತೊಡಗಿದವು. ಜನ ಎದ್ದು ಹೊರಟರು. ಗೋವಿಂದಮ್ಮನಿಗೆ ಓದು ಬಾರದು. ಚಿನ್ನಸ್ವಾಮಿ ನಾಲ್ಕನೆಯ ಕ್ಲಾಸು. ಅವನು ಬೆರಳು ತೋರಿಸುತ್ತಾ ಕೂಡಿಸಿ ಓದಿದ: "ಪ್ರ...ಸಾ...ಧನ, ಮುತ್ತಯ್ಯ. ಶಬ್ದ...ಗ್ರಹಣ..." ದೀಪಶ್ರೀಯ ಹೆಸರು ಓದಿ ಮುಗಿಸುವಷ್ಟರಲ್ಲಿ ಇನ್ನೂ ನಲವತ್ತು ಹೆಸರು ಹೋಗಿ ದೀಪ ಹತ್ತಿತು.

"ಇಷ್ಟೊಂದ್ ಜನ್ವಾ?" ಎಂದಳು ಗೋವಿಂದಮ್ಮ. "ನಮ್ದು ಬಂತಾ?"

"ಬಿರ್ರನೆ ಓಡುಸ್ತರ ಕಣವ್ವ. ಕಾಣ್ನಿಲ್ಲ."

ಹೊರಗೆ ಮುಂದಿನ ಆಟಕ್ಕೆ ಟಿಕೆಟ್ ಕೊಡುತ್ತಿದ್ದರು. ಇಬ್ಬರೂ ಸಾಲಿನಲ್ಲಿ ನಿಂತರು.