ಕುಂಕುಮದ ಕೆಳಗೆ

ನಾನೊಂದು ಸಣ್ಣ ವಿಮಾನ. ಸಣ್ಣದು ಎಂದರೆ ನಿಜಕ್ಕೂ ಸಣ್ಣದು. ನಾಲ್ಕು ಸೀಟು, ಒಂದು ಎಂಜಿನ್, ಮೂಗಿಗೊಂದು ಪಂಖ. ನಿಮ್ಮ ತಲೆಯ ಮೇಲೆ ಗುಡುಗಿಕೊಂಡು ಹೋಗುವ ದೊಡ್ಡ ವಿಮಾನಗಳ ಮುಂದೆ ನಾನು ಬಸ್ಸಿನ ಪಕ್ಕ ನಿಂತ ಲೂನಾ. ಆದರೆ ಹಾರುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಂಬ ಅನ್ನಬೇಡಿ.

ಹುಟ್ಟಿದ್ದು ಅಮೆರಿಕದ ಗೋಧಿ ಬಯಲಿನ ಒಂದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ಹಾಳೆ ಬಗ್ಗಿಸಿ, ರಿವೆಟ್ ಬಡಿದು ನನಗೆ ಮೈ ಕೊಟ್ಟರು. ನೆತ್ತಿಯ ಮೇಲೆ ರೆಕ್ಕೆ ಇಟ್ಟರು. ಹಾರುವಾಗ ಆ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಎರಡೂ ಕಡೆ ಒಂದೊಂದು ಓರೆಕೋಲಿನಿಂದ ಹಿಡಿದು ಕಟ್ಟಿದರು. ಅದಕ್ಕೆ ಸ್ಟ್ರಟ್ ಎನ್ನುತ್ತಾರೆ. ಸ್ಟ್ರಟ್ಟಿನ ಬುಡ ನನ್ನ ಬಾಗಿಲ ಕೆಳಗೆ ಒಂದು ದಪ್ಪ ಬೋಲ್ಟಿನಲ್ಲಿ ಕೂತಿರುತ್ತದೆ, ಅದರ ಮೇಲೊಂದು ತೆಳು ಮುಚ್ಚಳ. ಈ ಬುಡವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪೆಟ್ಟಿಗೆಯೊಳಗೆ ಹಡಗು ಹತ್ತಿ ಈ ದೇಶಕ್ಕೆ ಬಂದೆ. ಮೊದಲು ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿದ್ದೆ. ಕಲಿಯುವ ಹುಡುಗರು ನನ್ನನ್ನು ನೆಲಕ್ಕೆ ಕುಕ್ಕಿ ಕುಕ್ಕಿ ಇಳಿಸುತ್ತಿದ್ದರು. ಅಲ್ಲಿಂದ ನನ್ನನ್ನು ಕೊಂಡವರು ಬಾಗಲಕೋಟೆ ಕಡೆಯ ಮಹಾಂತ ದೇಸಾಯರು. ಅವರದು ಸಿಮೆಂಟ್ ಕಾರ್ಖಾನೆ. ಕಾರ್ಖಾನೆಯ ಹಿಂದೆಯೇ ಸ್ವಂತ ರನ್‌ವೇ, ಅದರ ಪಕ್ಕ ತಗಡಿನ ಶೆಡ್ಡು. ಅಲ್ಲಿ ನನ್ನನ್ನು ನೋಡಿಕೊಳ್ಳಲು ಇದ್ದವರು ಗುರುನಾಥ ಬಡಿಗೇರರು.

ಬಡಿಗೇರರು ವಿಮಾನದ ಮೆಕ್ಯಾನಿಕ್ ಕೆಲಸವನ್ನು ಕ್ರಮವಾಗಿ ಓದಿ, ಲೈಸೆನ್ಸ್ ಪಡೆದು ಬಂದವರು. ನನ್ನ ಮೈಮೇಲಿನ ಹಸಿರು ಪಟ್ಟಿ ನೋಡಿ ಗಿಣಿ ಎಂದು ಹೆಸರಿಟ್ಟರು. ಎಣ್ಣೆ ಬದಲಿಸುವುದಿರಲಿ, ಚಕ್ರಕ್ಕೆ ಗಾಳಿ ತುಂಬುವುದಿರಲಿ, ನನ್ನ ಜೊತೆ ಮಾತಾಡುತ್ತಲೇ ಮಾಡುತ್ತಿದ್ದರು. ಅಷ್ಟು ಅಕ್ಕರೆಯ ಕೈ ನನಗೆ ಬೇರೆ ಸಿಕ್ಕಿಲ್ಲ.

ಆಮೇಲೆ ದೇಸಾಯರಿಗೆ ಹೃದಯದ ಆಪರೇಷನ್ ಆಯಿತು. ಹಾರಬಾರದು ಎಂದರು ಡಾಕ್ಟರು. ನಾನು ಶೆಡ್ಡಿನಲ್ಲಿ ನಿಂತೆ. ಹಾರದ ವಿಮಾನಕ್ಕೆ ತಪಾಸಣೆ ಯಾಕೆಂದು ವರ್ಷದ ದೊಡ್ಡ ತಪಾಸಣೆಯೂ ನಿಂತಿತು. ನಿಲ್ಲದಿದ್ದದ್ದು ಆಯುಧಪೂಜೆ ಒಂದೇ.

ಬಡಿಗೇರರ ಪೂಜೆ ಎಂದರೆ ಪೂಜೆ. ಎರಡೂ ಸ್ಟ್ರಟ್ಟಿಗೆ ಬಾಳೆಕಂದು, ಮೂಗಿಗೆ ಚೆಂಡುಹೂವಿನ ಹಾರ. ಪಂಖಕ್ಕೆ ಕಾಯಿ ಒಡೆದರೆ ಸಮತೂಕ ಕೆಡುತ್ತದೆ, ಚಕ್ರಕ್ಕೆ ಒಡೆದರೆ ರಬ್ಬರ್ ಹಾಳು ಎಂದು ಯೋಚಿಸಿ, ಕಾಯಿಯನ್ನು ಕಲ್ಲಿಗೆ ಒಡೆದು, ನೀರನ್ನು ಮಾತ್ರ ತಂದು ಎಡಗಡೆಯ ಸ್ಟ್ರಟ್ಟಿನ ಬುಡಕ್ಕೆ ಹೊಯ್ಯುತ್ತಿದ್ದರು. ಅದು ಗಿಣಿಯ ಪಾದವಂತೆ. ಮೇಲೆ ಅರಿಸಿನ ಕುಂಕುಮ ಕಲಸಿ ದಪ್ಪಗೆ ಮೆತ್ತುತ್ತಿದ್ದರು. ಹಚ್ಚಿದ ಕುಂಕುಮ ಒರೆಸಬಾರದು, ಹಾಗಾಗಿ ಮುಂದಿನ ವರ್ಷ ಅದರ ಮೇಲೆಯೇ ಇನ್ನೊಂದು ಪದರ. ಕಾಯಿನೀರು ಮುಚ್ಚಳದ ಸಂದಿಯಿಂದ ಒಳಗಿಳಿದು ಅಲ್ಲೇ ನಿಲ್ಲುತ್ತಿತ್ತು. ಬರಬರುತ್ತಾ ಆ ಜಾಗದಲ್ಲಿ ನನಗೆ ಉರಿ ಶುರುವಾಯಿತು. ಹೇಳೋಣವೆಂದರೆ ಬಾಯಿಲ್ಲ.

ಹೀಗಿರುವಾಗ ನನ್ನನ್ನು ಕೊಳ್ಳಲು ಮೈಸೂರಿನಿಂದ ಕ್ಯಾಪ್ಟನ್ ವನಮಾಲಾ ಬಂದರು. ದೊಡ್ಡ ವಿಮಾನ ಓಡಿಸಿ ನಿವೃತ್ತರಾದವರು. ಹುಡುಗ ಹುಡುಗಿಯರಿಗೆ ಹಾರಾಟ ಕಲಿಸುವ ಪುಟ್ಟ ಶಾಲೆ ತೆರೆಯುವ ಆಸೆ ಅವರಿಗೆ. ನನ್ನ ಸುತ್ತ ಒಂದು ಸುತ್ತು ಬಂದು, ಬಾಗಿಲು ಸವರಿ, "ಎಷ್ಟು ಚೆನ್ನಾಗಿಟ್ಟಿದ್ದೀರಿ," ಎಂದರು. ನಾನು ಉಬ್ಬಿಹೋದೆ. ಇವರು ಬಿಟ್ಟುಹೋದರೆ ನನಗೆ ಗುಜರಿಯೇ ಗತಿ ಎಂದು ಗೊತ್ತಿತ್ತು.

ಕೊಳ್ಳುವ ಮೊದಲು ಒಬ್ಬ ಮೆಕ್ಯಾನಿಕ್ ನನ್ನನ್ನು ಬಿಚ್ಚಿ ನೋಡಬೇಕು, ಅದು ರೂಢಿ. ಯಾರು ಎನ್ನುವುದೇ ಪ್ರಶ್ನೆ. ದೇಸಾಯರು ಕುರ್ಚಿಯಲ್ಲಿ ಕೂತು ನಕ್ಕರು. "ನಮ್ಮ ಗುರುನಾಥ ಇದ್ದಾಗ ಬ್ಯಾರೇದವ್ರು ಯಾಕ್ರಿ? ಅವಂಗ ಇದರ ನರನರ ಗೊತ್ತು."

ವನಮಾಲಾ ಅವರಿಗೂ ಅದೇ ಸರಿ ಎನಿಸಿತು. ಬಡಿಗೇರರನ್ನು ಕಂಡರೆ ಯಾರಿಗಾದರೂ ನಂಬಿಕೆ ಬರುತ್ತದೆ. "ನೀವೇ ನೋಡಿಬಿಡಿ ಬಡಿಗೇರ್ರೇ. ಹಾರೋಕೆ ಪರ್ಮಿಷನ್ ಸಿಕ್ಕಿದ ದಿನ ನಾನೇ ಓಡಿಸ್ಕೊಂಡು ಹೋಗ್ತೀನಿ. ನೀವೂ ಪಕ್ಕದಲ್ಲಿ ಕೂತು ಮೈಸೂರಿಗೆ ಬನ್ನಿ."

ಬಡಿಗೇರರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಬ್ಯಾಡ್ರಿ ಅಕ್ಕಾರ," ಎಂದರು. "ನಾ ನೋಡಿದ್ರ ನನಗ ಇದರಾಗ ಛಲೋದಷ್ಟ ಕಾಣ್ತೈತಿ. ಹಡೆದವ್ರಿಗೆ ಮಗಳ ಐಬು ಕಾಣಂಗಿಲ್ರಿ. ಈ ಮನಿ ಉಪ್ಪು ತಿನ್ನದವ್ರನ್ನ ಯಾರನ್ನಾರ ಕರಸ್ರಿ."

ದೇಸಾಯರ ಮುಖ ಸಣ್ಣದಾಯಿತು. ಮಾರುವವರ ಮನೆಯಲ್ಲಿ ನಿಂತು ಅಂಥ ಮಾತು ಆಡುವುದು ಸುಲಭವಲ್ಲ. ನನ್ನ ಬದುಕಿನಲ್ಲಿ ನಾನು ಮೊದಲು ಕೈಮುಗಿಯಬೇಕಾದದ್ದು ಆ ಮಾತಿಗೆ.

ವನಮಾಲಾ ಶೆಡ್ಡಿನಲ್ಲೇ ನಿಂತು ಫೋನ್ ಮಾಡಿದರು. ಒಬ್ಬ, ಫೋಟೊ ಕಳಿಸಿ ಸಾಕು, ನೋಡಿ ಹೇಳುತ್ತೇನೆ ಎಂದನಂತೆ. ಇನ್ನೊಬ್ಬನಿಗೆ ದೊಡ್ಡ ಜೆಟ್‌ಗಳದೇ ಅನುಭವ, ನನ್ನಂಥವಳನ್ನು ಮುಟ್ಟಿಯೇ ಇರಲಿಲ್ಲ. ಮೂರನೆಯವರು ಸಂಪತ್ ಅಯ್ಯಂಗಾರ್, ನನ್ನ ಜಾತಿಯ ವಿಮಾನಗಳ ಜೊತೆಗೇ ತಲೆಗೂದಲು ಉದುರಿಸಿಕೊಂಡವರು. ಅವರು ತಾವೇ ಪ್ರಶ್ನೆ ಕೇಳಿದರು. ಎಷ್ಟು ಕಾಲದಿಂದ ನಿಂತಿದೆ? ಎಲ್ಲಿ ನಿಂತಿದೆ? ಎಲ್ಲ ಮುಚ್ಚಳ ಬಿಚ್ಚಲು ಬಿಡುತ್ತಾರಾ? "ಬಿಡೋದಿಲ್ಲ ಅಂದ್ರೆ ನಾನು ಬರೋದಿಲ್ಲಮ್ಮ. ಮೇಲಿಂದ ನೋಡಿ ಚೆನ್ನಾಗಿದೆ ಅನ್ನೋಕೆ ನೀವೇ ಸಾಕು." ಮಾತು ಒರಟು ಎನಿಸಿದರೂ ವನಮಾಲಾ ಅವರನ್ನೇ ಕರೆಸಿದರು.

ಸಂಪತ್ ಬಂದರು. ಹಣೆಯಲ್ಲಿ ನಾಮ, ಕೈಯಲ್ಲಿ ಟಾರ್ಚು, ಬಾಯಲ್ಲಿ ಗೊಣಗಾಟ. ಇಲ್ಲಿನ ಕಾಫಿ ಸರಿಯಿಲ್ಲ, ಬಿಸಿಲು ಸರಿಯಿಲ್ಲ. ಎಂಜಿನ್ನಿನ ಹೊಟ್ಟೆಗೆ ಕನ್ನಡಿ ತೂರಿಸಿದರು, ಬಾಲ ಅಲ್ಲಾಡಿಸಿದರು, ಸೀಟು ಕಿತ್ತು ಕೆಳಗಿಟ್ಟರು. ಪ್ರತಿಯೊಂದಕ್ಕೂ ಬಡಿಗೇರರ ಕಡೆ ತಿರುಗಿ, "ಚೆನ್ನಾಗಿಟ್ಟಿದ್ದೀರಿ," ಎನ್ನುತ್ತಿದ್ದರು. ಬಡಿಗೇರರ ಮುಖ ಅರಳುತ್ತಿತ್ತು. ಕೊನೆಗೆ ಎಡಗಡೆಯ ಸ್ಟ್ರಟ್ಟಿನ ಬುಡಕ್ಕೆ ಬಂದು ನಿಂತರು.

"ಇದನ್ನ ಒರೆಸಿ ಮುಚ್ಚಳ ತೆಗೀಬೇಕು."

"ಅದು ಪೂಜಾದ ಕುಂಕುಮ ರೀ," ಎಂದರು ಬಡಿಗೇರರು. "ಅಲ್ಲೇನೂ ಇರಂಗಿಲ್ಲ."

ವನಮಾಲಾ ಅವರಿಗೂ ಮನಸ್ಸು ಅಳುಕಿತು. ಹೊಸದಾಗಿ ಒಂದು ಕೆಲಸ ಶುರುಮಾಡುವ ಮುಂಚೆ ಕುಂಕುಮ ಒರೆಸುವುದೇ? "ಇರ್ಲಿ ಬಿಡಿ ಸರ್, ಬಾಕಿ ಎಲ್ಲಾ ನೋಡಿದ್ರಲ್ಲ," ಎಂದರು.

ನನಗೆ ಜೀವ ಹೋದಂತಾಯಿತು. ಇಲ್ಲಿಯವರೆಗೆ ಬಂದು ಇಲ್ಲೇ ನಿಂತುಬಿಡುತ್ತಾರೇನೋ.

ಸಂಪತ್ ಟಾರ್ಚು ಆರಿಸಿದರು. "ಪೂಜೆ ನಾನೂ ಮಾಡ್ತೀನಮ್ಮ, ದಿನಾ ಮಾಡ್ತೀನಿ. ಒಂದು ಜಾಗ ಬಿಟ್ಟು ಎಲ್ಲಾ ನೋಡಿದೆ ಅಂತ ನಾನು ಸಹಿ ಹಾಕೋದಿಲ್ಲ. ಬೇಡ ಅಂದ್ರೆ ಹೇಳಿ, ಸಂಜೆ ಬಸ್ಸಿಗೆ ಹೊರಡ್ತೀನಿ."

ಆಮೇಲೆ ಬಡಿಗೇರರೇ ಮುಂದೆ ಬಂದರು. ಬುಡವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸತೊಡಗಿದರು. ಪದರ ಪದರವಾಗಿ ಕುಂಕುಮ ಎದ್ದು ಬಂತು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ಹುಳಿ ಹಿಡಿದ ಕೊಬ್ಬರಿಯ ವಾಸನೆ ಬಂತು. ಒಳಗೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಪುಡಿಯಾಗಿತ್ತು. ಬೋಲ್ಟು ತುಕ್ಕು ತಿಂದು ನಡುವಿನಲ್ಲಿ ಸಣ್ಣಗಾಗಿತ್ತು. ಸಂಪತ್ ಅದನ್ನು ಎಳೆದಾಗ ಅರ್ಧ ಮಾತ್ರ ಕೈಗೆ ಬಂತು.

"ಹಾರಿದ್ದಿದ್ರೆ?" ಎಂದು ಕೇಳಿದರು ವನಮಾಲಾ.

"ಒಂದು ಜೋರು ಗಾಳಿಗೆ ರೆಕ್ಕೆ ಮಡಚ್ಕೊಳ್ಳೋದು."

ಬಡಿಗೇರರು ನೆಲದ ಮೇಲೆ ಕೂತುಬಿಟ್ಟರು. "ನಾನ ಹೊಯ್ದೆನ್ರಿ," ಎಂದರು. "ನಾನ ನನ್ನ ಕೈಯಾರ ಹೊಯ್ದೆ." ಕುಂಕುಮ ಹತ್ತಿದ ಬಟ್ಟೆ ಅವರ ತೊಡೆಯ ಮೇಲಿತ್ತು.

ಸಂಪತ್ ಗೊಣಗಾಟ ಬಿಟ್ಟು ಅವರ ಪಕ್ಕ ತಾವೂ ಕೂತರು. "ಬೇರೆಯವರನ್ನ ಕರೆಸಿ ಅಂತ ಹೇಳಿದ್ದೂ ನೀವೇ ಅಲ್ವಾ ಬಡಿಗೇರ್ರೇ. ಇದು ಸಾಯೋ ಕಾಯಿಲೆ ಅಲ್ಲ. ಗೊತ್ತಾಗದೆ ಇದ್ದಿದ್ರೆ ಸಾಯಿಸೋ ಕಾಯಿಲೆ. ಈಗ ಗೊತ್ತಾಯ್ತಲ್ಲ, ಏಳಿ."

ವನಮಾಲಾ ನನ್ನನ್ನು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಹೊಸ ಸ್ಟ್ರಟ್ಟು, ಹೊಸ ಬೋಲ್ಟು ತರಿಸಿದರು. ಕೊಳೆತ ಭಾಗವನ್ನೆಲ್ಲ ಕತ್ತರಿಸಿ ಬೇರೆ ಲೋಹ ಕೂಡಿಸಿದವರು ಸಂಪತ್ ಮತ್ತು ಬಡಿಗೇರರೇ, ಇಬ್ಬರೂ ಸೇರಿ, ಕಾಫಿಗಾಗಿ ದಿನವೂ ಜಗಳವಾಡುತ್ತ. ಸರ್ಕಾರದವರು ನೋಡಿ ಒಪ್ಪಿದ ಮೇಲೆ ಒಂದು ಬೆಳಿಗ್ಗೆ ನಾನು ಮತ್ತೆ ನೆಲ ಬಿಟ್ಟೆ. ಬಡಿಗೇರರು ಪಕ್ಕದ ಸೀಟಿನಲ್ಲಿದ್ದರು. ತುಂಗಭದ್ರೆ ದಾಟುವವರೆಗೂ ವನಮಾಲಾ ಅವರ ಆಚೆಯ ಕಿಟಕಿಯಿಂದ ಎಡಗಡೆಯ ಸ್ಟ್ರಟ್ಟನ್ನೇ ನೋಡುತ್ತಿದ್ದರು. ನನ್ನನ್ನು ನೋಡಿಕೊಳ್ಳುತ್ತ ಅವರು ಮೈಸೂರಿನಲ್ಲೇ ಉಳಿದುಬಿಟ್ಟರು.

ಆಮೇಲೆ ಎಷ್ಟೋ ಮಕ್ಕಳು ನನ್ನಲ್ಲಿ ಕಲಿತರು. ಹೆದರಿ ಅತ್ತವರಿದ್ದಾರೆ, ಮೊದಲ ಸಲ ಒಬ್ಬರೇ ಹಾರಿ ಇಳಿದು ನನ್ನ ಮೂಗಿಗೆ ಮುತ್ತಿಟ್ಟವರಿದ್ದಾರೆ. ಎಲ್ಲರನ್ನೂ ಕ್ಷೇಮವಾಗಿ ಇಳಿಸಿದೆ. ಅದು ನನ್ನೊಬ್ಬಳ ಹೆಚ್ಚುಗಾರಿಕೆ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಈಗ ನನಗೆ ವಯಸ್ಸಾಗಿದೆ. ರೆಕ್ಕೆ ಕಳಚಿದ್ದಾರೆ. ಹೊಸ ಮಕ್ಕಳಿಗೆ ತೋರಿಸಿ ಕಲಿಸಲು ಶಾಲೆಯ ಹಿಂದಿನ ಹೊಂಗೆಮರದ ನೆರಳಲ್ಲಿ ನಿಲ್ಲಿಸಿದ್ದಾರೆ. ಆಯುಧಪೂಜೆ ಇಲ್ಲಿಯೂ ಇದೆ. ಕಾಯಿಯನ್ನು ದೂರದ ಕಲ್ಲಿಗೆ ಒಡೆಯುತ್ತಾರೆ, ನೀರು ಪಾತ್ರೆಯಲ್ಲೇ ಉಳಿಯುತ್ತದೆ. ನನ್ನ ಮೂಗಿಗೆ ಒಂದೇ ಒಂದು ಬೊಟ್ಟು ಕುಂಕುಮ.

ಬೊಟ್ಟಿಡುವವರು ಬಡಿಗೇರರು. ಮಂಡಿನೋವು, ಕೋಲಿಲ್ಲದೆ ನಡೆಯಲಾರರು. ಬೊಟ್ಟಿಟ್ಟ ಮೇಲೆ ಕೋಲನ್ನು ನನಗೆ ಒರಗಿಸಿ, ನಿಧಾನಕ್ಕೆ ಬಗ್ಗಿ, ಎಡಗಡೆಯ ಬುಡದೊಳಗೆ ಬೆರಳು ಹಾಕಿ ನೋಡುತ್ತಾರೆ. ಅಲ್ಲೀಗ ಸ್ಟ್ರಟ್ಟಿಲ್ಲ, ಅದು ಹಿಡಿದು ನಿಲ್ಲಿಸಬೇಕಾದ ರೆಕ್ಕೆಯೂ ಇಲ್ಲ. ಆದರೂ ನೋಡುತ್ತಾರೆ. ಬೆರಳನ್ನು ಬಿಸಿಲಿಗೆ ಹಿಡಿದು, ನನಗಷ್ಟೇ ಕೇಳುವ ಹಾಗೆ ಹೇಳುತ್ತಾರೆ:

"ಒಣಾ ಐತವಾ ಗಿಣಿ."